29 ಜಿಬಿ ಖಾಲಿ ಇದ್ದರೂ ಜಾಗ ಇಲ್ಲ ಅನ್ನುತ್ತಿದೆ: ಹಳೇ ಡಿಸ್ಕಿನ ತಾಳಮದ್ದಳೆ ಫೈಲುಗಳನ್ನು ದಾಟಿಸುವುದು ಹೇಗೆ?

ಡೊಂಬಿವಲಿ ಲೋಕಲ್:

ನಮಸ್ಕಾರ. ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ. ನಾನು ಮೂವತ್ತು ವರ್ಷ ಮುಂಬಯಿ ಫೋರ್ಟ್‌ನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತವನು. ಲೆಕ್ಕ ಬರುತ್ತದೆ, ಕಂಪ್ಯೂಟರ್ ಅಷ್ಟಕ್ಕಷ್ಟೆ.

ನಮ್ಮ ಊರಿನ ಕಡೆಯವರು ಸೇರಿ ಇಲ್ಲಿ ಮಾಡುತ್ತಿದ್ದ ತಾಳಮದ್ದಳೆಗಳ ರೆಕಾರ್ಡಿಂಗ್, 2004ರಿಂದ 2011ರವರೆಗಿನದ್ದು, ನನ್ನ ಹಳೇ ಡೆಸ್ಕ್‌ಟಾಪಿನಲ್ಲಿದೆ. ವಿಂಡೋಸ್ ಎಕ್ಸ್‌ಪಿ, 160 ಜಿಬಿ ಹಾರ್ಡ್ ಡಿಸ್ಕ್, ಅಗಲ ಪಟ್ಟಿ ಕೇಬಲಿನದ್ದು. ಆನ್ ಮಾಡಿದರೆ ಮಿಕ್ಸಿಗೆ ಒಣಮೆಣಸು ಹಾಕಿದ ಹಾಗೆ ಸದ್ದು. ಅರ್ಥ ಹೇಳುತ್ತಿದ್ದ ಇಬ್ಬರು ಹಿರಿಯರು ಈಗಿಲ್ಲ. ಡಿಸ್ಕೂ ಅವರ ಹಿಂದೆ ಹೋಗುವ ಮೊದಲು ಎಲ್ಲವನ್ನೂ ಮಗನ ಲ್ಯಾಪ್‌ಟಾಪಿಗೆ, ಅಲ್ಲಿಂದ ಹೊಸ ಎಕ್ಸ್‌ಟರ್ನಲ್ ಡಿಸ್ಕಿಗೆ ದಾಟಿಸೋಣ ಎಂದು ಹೊರಟೆ. ನಡುವೆ ಹೊರಲು ಒಂದು 32 ಜಿಬಿ ಪೆನ್‌ಡ್ರೈವ್.

ಮೊದಲ ತೊಂದರೆ: 2007ರ ಕರ್ಣಪರ್ವದ ವಿಡಿಯೋ ಒಂದೇ ಫೈಲು, 5.2 ಜಿಬಿ ಇದೆ. ಪೆನ್‌ಡ್ರೈವಿನಲ್ಲಿ 29 ಜಿಬಿ ಖಾಲಿ ತೋರಿಸುತ್ತದೆ. ಆದರೂ ಹಾಕಿದರೆ "ಡಿಸ್ಕಿನಲ್ಲಿ ಜಾಗ ಸಾಲದು" ಅನ್ನುತ್ತದೆ. ಇದೆಂಥ ಲೆಕ್ಕ ಮಾರಾಯ್ರೆ? ಗಲ್ಲಾದಲ್ಲಿ ನಾನು ಹೀಗೆ ಹೇಳಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದರು.

ಎರಡನೆಯದು ಹೇಳಲು ನಾಚಿಕೆ. 2006ರ ಫೋಲ್ಡರಿನಲ್ಲಿ 23 ಆಡಿಯೋ ಫೈಲು ಇದ್ದವು. ಕಾಪಿ ಮಾಡುವ ಬದಲು ಕಟ್ ಮಾಡಿ ಪೇಸ್ಟ್ ಮಾಡಿದೆ. ಎರಡು ಕಡೆ ಯಾಕೆ ಇಡಬೇಕು, ಸುಮ್ನೆ ಗೊಂದಲ ಎಂದುಕೊಂಡೆ. ಅರ್ಧ ಆಗುವಾಗ ನನ್ನದೇ ಮೊಣಕಾಲು ತಾಗಿ ಪೆನ್‌ಡ್ರೈವ್ ಕಿತ್ತು ಬಂತು. ಈಗ ಹಳೇ ಡಿಸ್ಕಿನಲ್ಲಿ 14 ಉಳಿದಿವೆ. ಪೆನ್‌ಡ್ರೈವಿನಲ್ಲಿ 9 ಹೆಸರು ಕಾಣುತ್ತವೆ, ಆದರೆ ಎರಡರ ಮುಂದೆ 0 ಕೆಬಿ ಎಂದಿದೆ. ಆ ಎರಡು ಎಲ್ಲಿ ಹೋದವು?

ಗ್ರ್ಯಾಂಟ್‌ರೋಡ್ ರಿಪೇರಿ:

ಮೊದಲನೆಯದು ಸುಲಭ ಸರ್. ನಿಮ್ಮ ಪೆನ್‌ಡ್ರೈವ್ ಫ್ಯಾಟ್32 ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಪ್ರತಿ ಫೈಲಿನ ಅಳತೆ ಬರೆದಿಡಲು ನಾಲ್ಕೇ ಬೈಟ್ ಜಾಗ. ನಾಲ್ಕು ಬೈಟಿನಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 4,29,49,67,295. ಅಂದರೆ 4 ಜಿಬಿಗೆ ಒಂದು ಬೈಟ್ ಕಡಿಮೆ. ನಿಮ್ಮ ಕರ್ಣಪರ್ವದ ಅಳತೆ ಆ ಕಾಲಮಿನಲ್ಲಿ ಬರೆಯಲಿಕ್ಕೇ ಆಗುವುದಿಲ್ಲ, ಡ್ರೈವ್ ಎಷ್ಟು ಖಾಲಿ ಇದ್ದರೂ ಅಷ್ಟೇ. ಜಾಗ ಇಲ್ಲ ಎಂದದ್ದು ಎಕ್ಸ್‌ಪಿಯ ಸುಳ್ಳು. ವಿಂಡೋಸ್ 7ರ ಹೊತ್ತಿಗೆ "ಫೈಲು ಜಾಸ್ತಿ ದೊಡ್ಡದು" ಎಂದು ನಿಜ ಹೇಳಲು ಕಲಿಯಿತು. ಫ್ಯಾಟ್32 ಬಂದದ್ದು 1996ರಲ್ಲಿ. ಆಗ 4 ಜಿಬಿಯ ಒಂದೇ ಫೈಲನ್ನು ಯಾರು ಯೋಚಿಸಿದ್ದರು!

ಪೆನ್‌ಡ್ರೈವನ್ನು ಎನ್‌ಟಿಎಫ್‌ಎಸ್ ಎಂಬ ಇನ್ನೊಂದು ಪದ್ಧತಿಗೆ ಬದಲಿಸಿ, ಅದರಲ್ಲಿ ಈ 4 ಜಿಬಿ ಮಿತಿ ಇಲ್ಲ. ಎಕ್ಸ್‌ಪಿಯಲ್ಲಿ ಆ ಆಯ್ಕೆ ನೇರ ಕಾಣುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಪೆನ್‌ಡ್ರೈವ್ ಹುಡುಕಿ, ಪಾಲಿಸೀಸ್ ಟ್ಯಾಬಿನಲ್ಲಿ "ಆಪ್ಟಿಮೈಜ್ ಫಾರ್ ಪರ್ಫಾರ್ಮೆನ್ಸ್" ಒತ್ತಿದ ಮೇಲೆ ಬರುತ್ತದೆ. ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಹೋಗುತ್ತದೆ, ಆ 9 ಫೈಲನ್ನು ಮೊದಲು ಲ್ಯಾಪ್‌ಟಾಪಿಗೆ ಇಳಿಸಿ.

ಪುಣೆ ಕಾಕಾ:

ರಿಪೇರಿಯವರೇ, ಹೇಳಿದ್ದು ಸರಿ, ಹೇಳಿದ ಹೊತ್ತು ತಪ್ಪು. ಡೊಂಬಿವಲಿಯವರೇ, ಆ ಹಳೇ ಕಂಪ್ಯೂಟರ್ ಈಗಲೇ ಬಂದ್ ಮಾಡಿರಿ. ಮತ್ತೆ ಆನ್ ಮಾಡಬೇಡಿರಿ.

ಯಾಕೆಂದರೆ ನಿಮ್ಮ ಆ ಎರಡು ಫೈಲು ಇನ್ನೂ ಅದೇ ಡಿಸ್ಕಿನ ಮೇಲೆ ಕೂತಿರಬಹುದು. ಒಂದೇ ಡ್ರೈವಿನೊಳಗೆ ಕಟ್-ಪೇಸ್ಟ್ ಮಾಡಿದರೆ ಫೈಲು ಜಾಗ ಬಿಟ್ಟು ಅಲುಗುವುದೇ ಇಲ್ಲ, ಪಟ್ಟಿಯಲ್ಲಿ ವಿಳಾಸ ಬದಲಾಗುತ್ತದೆ ಅಷ್ಟೆ. ಅದಕ್ಕೇ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಯುತ್ತದೆ. ಬೇರೆ ಡ್ರೈವಿಗಾದರೆ ಒಂದೊಂದೇ ಫೈಲು ಕಾಪಿ ಆಗಿ, ಆಮೇಲೆ ಮೂಲ ಅಳಿಯುತ್ತದೆ. ಕಾಪಿ ಮುಗಿಯಿತು ಎಂದು ಕಂಪ್ಯೂಟರ್ ಅಂದುಕೊಂಡ ಹೊತ್ತಿಗೆ ಪೆನ್‌ಡ್ರೈವಿನ ಪಟ್ಟಿ ಪೂರ್ತಿ ಬರೆದಿರಬೇಕೆಂದೇನೂ ಇಲ್ಲ. ನಿಮ್ಮ ಮೊಣಕಾಲು ಹೊಕ್ಕಿದ್ದು ಆ ಸಂದಿಯಲ್ಲಿ. ಇನ್ನು ಅಳಿಸುವುದು ಅಂದರೆ "ಈ ಜಾಗ ಖಾಲಿ" ಎಂದು ಗುರುತು ಹಾಕುವುದು. ಒಳಗಿನ ಧ್ವನಿಯನ್ನು ಯಾರೂ ತಿಕ್ಕಿ ತೆಗೆದಿಲ್ಲ. ಆದರೆ ಎಕ್ಸ್‌ಪಿ ಆನ್ ಇದ್ದಷ್ಟು ಹೊತ್ತೂ ತನ್ನ ಕೆಲಸಕ್ಕೆ ಅದೇ ಡಿಸ್ಕಿನಲ್ಲಿ ಏನಾದರೂ ಗೀಚುತ್ತಲೇ ಇರುತ್ತದೆ. ನಿಮ್ಮ ಭಾಗವತರ ಪದದ ಮೇಲೆ ಯಾವುದೋ ಲಾಗ್ ಫೈಲು ಬಂದು ಕೂತರೆ ಮುಗಿಯಿತು.

ನಾನು ಧಾರವಾಡ ಬಿಟ್ಟು ಚಿಂಚವಡದ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸು ಸೇರಿದಾಗ ಫೈಲು ಸಾಗಿಸುವುದೇ ಅರ್ಧ ಕೆಲಸವಾಗಿತ್ತು. ನೀಲಿ ಪರದೆಯ ನಾರ್ಟನ್ ಕಮಾಂಡರ್, 1986ರಲ್ಲಿ ಜಾನ್ ಸೋಚಾ ಎಂಬವರು ಮಾಡಿದ್ದು. ಎಡಕ್ಕೆ ಒಂದು ಡ್ರೈವ್, ಬಲಕ್ಕೆ ಒಂದು ಡ್ರೈವ್. ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ಒಂದೇ ನೋಟಕ್ಕೆ ಕಾಣುತ್ತಿತ್ತು. ಎಫ್5 ಒತ್ತಿದರೆ ಕಾಪಿ, ಎಫ್6 ಒತ್ತಿದರೆ ಮೂವ್. ನಾನು ಒಮ್ಮೆ ಒಂದು ಗೇರ್‌ಬಾಕ್ಸಿನ ಡ್ರಾಯಿಂಗನ್ನು ಎಫ್6 ಒತ್ತಿ ಫ್ಲಾಪಿಗೆ ಕಳಿಸಿದೆ. ಫ್ಲಾಪಿಯಲ್ಲಿ ಬೂಷ್ಟು. ಮೂರು ರಾತ್ರಿ ಕೂತು ಮತ್ತೆ ಬಿಡಿಸಿದೆ. ಅವತ್ತಿನಿಂದ ಎಫ್6 ಮುಟ್ಟಿಲ್ಲ. ಈಗ ಟೋಟಲ್ ಕಮಾಂಡರ್ ಬಳಸುತ್ತೇನೆ, ಅದೇ ಎರಡು ಕಿಟಕಿ, ಅದೇ ಕೀಲಿಗಳು. ಬೆರಳೇ ಎಫ್6 ದಾಟಿ ಹೋಗುತ್ತದೆ.

ಫೋನ್ ಲೈನಿನ ಮೇಲೆ ಫೈಲು ಕಳಿಸಲು 1977ರಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಎಕ್ಸ್‌ಮೋಡೆಮ್ ಎಂಬುದನ್ನು ಮಾಡಿದರು. 128 ಬೈಟಿನ ಒಂದು ತುತ್ತು, ಅದರ ಹಿಂದೆ ಲೆಕ್ಕದ ಮೊತ್ತ. ಪಡೆದವನು ತಾನೂ ಕೂಡಿಸಿ ನೋಡಿ, ತಾಳೆಯಾದರೆ "ಹೂಂ" ಅನ್ನಬೇಕು. ಇಲ್ಲವಾದರೆ ಅದೇ ತುತ್ತು ಮತ್ತೊಮ್ಮೆ. ಹೂಂ ಬರುವವರೆಗೆ ಕೊಟ್ಟವನು ಮುಂದೆ ಹೋಗುವಂತಿಲ್ಲ. ನೀವು ಗಲ್ಲಾದಲ್ಲಿ ಕೂತವರು, ನಿಮಗೆ ಇದನ್ನು ನಾನು ಹೇಳಬೇಕೇ? ಇವತ್ತು ಅದನ್ನು ನೀವೇ ಮಾಡಬಹುದು. 7-ಜಿಪ್ ಹಾಕಿಕೊಂಡರೆ ಫೈಲಿನ ಮೇಲೆ ರೈಟ್ ಕ್ಲಿಕ್‌ನಲ್ಲಿ ಸಿಆರ್‌ಸಿ ಎಸ್‌ಎಚ್‌ಎ ಎಂಬ ಸಾಲು ಬರುತ್ತದೆ. ಅದು ಇಡೀ ಫೈಲನ್ನು ಲೆಕ್ಕ ಹಾಕಿ ಒಂದು ಸಂಖ್ಯೆ ಕೊಡುತ್ತದೆ. ಎರಡೂ ಕಡೆಯ ಫೈಲಿಗೆ ಒಂದೇ ಸಂಖ್ಯೆ ಬಂದರೆ ಮಾತ್ರ ಹಳೆಯದನ್ನು ಅಳಿಸುವ ವಿಚಾರ.

ಗ್ರ್ಯಾಂಟ್‌ರೋಡ್ ರಿಪೇರಿ:

ಕಾಕಾ, ಒಪ್ಪಿದೆ. 0 ಕೆಬಿ ಎಂದದ್ದನ್ನು ಸರಿಯಾಗಿ ಓದಲಿಲ್ಲ.

ಹಾಗಾದರೆ ಡಿಸ್ಕನ್ನೇ ಬಿಚ್ಚಿ. ಐಡಿಇ, ಅಂದರೆ ನಿಮ್ಮ ಅಗಲ ಪಟ್ಟಿ ಕೇಬಲಿನ ಡಿಸ್ಕಿನಿಂದ ಯುಎಸ್‌ಬಿಗೆ ಹೋಗುವ ಅಡಾಪ್ಟರ್ ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ. ಜೊತೆಗೆ ಬೇರೆ ಪವರ್ ಇರುವುದನ್ನೇ ಕೇಳಿ. ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿಯಲ್ಲಿ ಬರುವುದು 5. ಡಿಸ್ಕಿನ ಹಿಂದಿನ ಸೂಜಿಗಳಿಗೆ ಸಿಕ್ಕಿಸಿರುವ ಪುಟ್ಟ ತುಣುಕು, ಜಂಪರ್, ಮಾಸ್ಟರ್ ಸ್ಥಾನದಲ್ಲಿರಲಿ. ಹೀಗೆ ನೇರ ಲ್ಯಾಪ್‌ಟಾಪಿಗೆ ಹಾಕಿದರೆ ಪೆನ್‌ಡ್ರೈವಿನ ಗೋಜೇ ಇಲ್ಲ, 5.2 ಜಿಬಿಯ ತಕರಾರೂ ಇಲ್ಲ. ಭಾನುವಾರ ಮಾತ್ರ ಹೋಗಬೇಡಿ.

ಮಾಪ್ಸಾ ಮಳೆ:

ಒಂದು ಮಾತು ಸೇರಿಸುತ್ತೇನೆ. ಮೆಣಸು ಅರೆಯುವ ಡಿಸ್ಕಿನಿಂದ ಫೈಲು ಒಂದೊಂದಾಗಿ ಎಳೆಯಬೇಡಿ. ಮೊದಲು ಇಡೀ ಡಿಸ್ಕಿನ ಅಚ್ಚು, ಅಂದರೆ ಇದ್ದದ್ದು ಇದ್ದ ಹಾಗೆ ಪೂರ್ತಿ ನಕಲು, ತೆಗೆಯಿರಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಇದೆ. ಅದು ಸಲೀಸಾಗಿ ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಂಡು, ಹಟ ಮಾಡುವ ಜಾಗಕ್ಕೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಆಯಿತು ಎಂದು ಬರೆದಿಟ್ಟುಕೊಳ್ಳುತ್ತದೆ, ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಯಬಹುದು. ಗೋವೆಯ ಮಳೆಗಾಲದಲ್ಲಿ ಇದರ ಬೆಲೆ ನನಗೆ ಗೊತ್ತು. ಆ ಅಚ್ಚಿನ ಮೇಲೆ ಟೆಸ್ಟ್‌ಡಿಸ್ಕ್ ಓಡಿಸಿ, ಅಳಿದ ಫೈಲು ಹೆಸರಿನ ಸಮೇತ ಸಿಕ್ಕರೂ ಸಿಕ್ಕಿತು. ಇಲ್ಲದಿದ್ದರೆ ಫೋಟೊರೆಕ್. ಅದು ಹೆಸರು ಕೊಡುವುದಿಲ್ಲ, ಒಳಗಿನ ಮಾಲು ಮಾತ್ರ.

ಮತ್ತೆ, ಫೈಲಿಗೆ ಉದ್ದುದ್ದ ಕನ್ನಡ ಹೆಸರಿಟ್ಟಿದ್ದೀರಾ? ಲಿನಕ್ಸ್‌ನ ಎಕ್ಸ್ಟ್4 ಎಂಬ ಡಿಸ್ಕ್ ಪದ್ಧತಿಯಲ್ಲಿ ಒಂದು ಹೆಸರಿಗೆ 255 ಬೈಟ್ ಮಾತ್ರ. ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್, ಒತ್ತಕ್ಷರದೊಳಗಿನ ಹಲಂತವೂ ಲೆಕ್ಕಕ್ಕೆ. "ಕರ್ಣಪರ್ವ" ಕಣ್ಣಿಗೆ ನಾಲ್ಕು ಅಕ್ಷರ, ಡಿಸ್ಕಿಗೆ 24 ಬೈಟ್. ನಮ್ಮೂರ ಆಮಂತ್ರಣ ಪತ್ರಿಕೆಯ ಹಾಗೆ ಎಲ್ಲರ ಹೆಸರನ್ನೂ ತುಂಬಿಸಿದರೆ ಕಾಪಿ ಅಲ್ಲೇ ನಿಲ್ಲುತ್ತದೆ.

ಡೊಂಬಿವಲಿ ಲೋಕಲ್:

ಎಲ್ಲರಿಗೂ ನಮಸ್ಕಾರ, ತಡವಾಯಿತು. ದಾದರಿನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿಗೆ ಹೋಗಿ ಅಡಾಪ್ಟರ್ ತಂದೆ. ಮೊದಲ ದಿನ ಡಿಸ್ಕ್ ಕಾಣಲೇ ಇಲ್ಲ. ಜಂಪರ್ ಸ್ಲೇವ್‌ನಲ್ಲಿತ್ತು. ಕಸೂತಿಯ ಚಿಮಟಿಗೆಯಿಂದ ಕಿತ್ತು ಮಾಸ್ಟರ್‌ಗೆ ಹಾಕಿದೆ, ಕೂಡಲೇ ಬಂತು.

ಅಚ್ಚು ತೆಗೆಯುವ ಕೆಲಸ ಮಗ ಮಾಡಿದ. ಕೊನೆಯ ಸ್ವಲ್ಪ ಭಾಗಕ್ಕೇ ಇಡೀ ರಾತ್ರಿ ಹಿಡಿಯಿತು, ಟೇಬಲ್ ಫ್ಯಾನನ್ನು ಡಿಸ್ಕಿನ ಕಡೆ ತಿರುಗಿಸಿ ನಾವು ಸೆಕೆಯಲ್ಲಿ ಮಲಗಿದೆವು. ಎರಡರಲ್ಲಿ ಒಂದು ಫೈಲು ಹೆಸರಿನ ಜೊತೆಯೇ ಸಿಕ್ಕಿತು. ಇನ್ನೊಂದಕ್ಕೆ ಫೋಟೊರೆಕ್ ಹಾಕಬೇಕಾಯಿತು. ಅದು ನೂರಾರು ಎಂಪಿ3 ಕಕ್ಕಿತು, ಎಲ್ಲಕ್ಕೂ ಎಫ್ ಎಂದು ಶುರುವಾಗಿ ಬರೀ ಅಂಕಿ. ನನ್ನ ಹೆಂಡತಿಯ ಹಳೇ ಭಜನೆಗಳೆಲ್ಲ ಎದ್ದು ಬಂದವು. ಒಂದೊಂದನ್ನೇ ಕೇಳುತ್ತಾ ಹೋದೆ. ನಾಲ್ಕನೇ ದಿನ ಒಂದರಲ್ಲಿ ಚೆಂಡೆಗೆ ಮೊದಲು ಯಾರೋ "ಮೈಕ್ ಸ್ವಲ್ಪ ಈಚೆ ಕೊಡಿ ಮಾರಾಯ್ರೆ" ಎಂದರು. ಅದು ನನ್ನದೇ ದನಿ.

ಕರ್ಣಪರ್ವವೂ ದಾಟಿತು. ಮೂಲದ್ದು, ಹೊಸ ಡಿಸ್ಕಿನದ್ದು, ಎರಡರ ಸಂಖ್ಯೆಯನ್ನೂ ಹಳೇ ಹೋಟೆಲ್ ಲೆಡ್ಜರಿನಲ್ಲಿ ಬರೆದು ತಾಳೆ ನೋಡಿದ್ದೇನೆ. ಹೆಸರು ಮಾತ್ರ ಚಿಕ್ಕದು ಮಾಡಿದೆ, ಕಲಾವಿದರ ಪಟ್ಟಿ ಬೇರೆ ಫೈಲಿನಲ್ಲಿ.

ಕೊನೆಯ ಪ್ರಶ್ನೆ. ಹಳೇ ಡಿಸ್ಕ್ ಇನ್ನು ಫಾರ್ಮ್ಯಾಟ್ ಮಾಡಲೇ?

ಪುಣೆ ಕಾಕಾ:

ಮಾಡಬೇಡಿರಿ. ಚೀಟಿ ಅಂಟಿಸಿ ಕಪಾಟಿನಲ್ಲಿ ಇಡಿರಿ. ಮೊಣಕಾಲಿನ ಎತ್ತರದಲ್ಲಿ ಬೇಡ.