ಇಬ್ಬರು ಮಾಜಿ ಸೈನಿಕರು ಸೇರಿ ವಿಎ ಸಾಲದಲ್ಲಿ ಫೋರ್‌ಪ್ಲೆಕ್ಸ್ ತಗೋಬಹುದಾ?

ಕೊಡಗಿನವ:
ಸ್ಯಾನ್ ಆಂಟೋನಿಯೋದಲ್ಲಿ ನಾಲ್ಕು ಮನೆಯ ಕಟ್ಟಡ ಒಂದು ಮಾರಾಟಕ್ಕಿದೆ, ಬೆಲೆ 6 ಲಕ್ಷ ಡಾಲರ್. ನಾನೂ ನನ್ನ ಗೆಳೆಯನೂ ಅಮೆರಿಕನ್ ಸೇನೆಯಿಂದ ಹೊರಬಂದವರು. ಇಬ್ಬರ ಹತ್ರಾನೂ ಡಿಡಿ-214 (ಸೇನೆಯಿಂದ ಬಿಡುಗಡೆಯಾದ ಪತ್ರ) ಇದೆ, ವಿಎ (ಮಾಜಿ ಸೈನಿಕರ ಸರ್ಕಾರಿ ಇಲಾಖೆ) ಸಾಲ ಇಬ್ಬರೂ ಇನ್ನೂ ಮುಟ್ಟಿಲ್ಲ. ಎರಡು ಮನೆಯಲ್ಲಿ ನಾವು, ಉಳಿದೆರಡು ಬಾಡಿಗೆಗೆ. ಡೌನ್ ಪೇಮೆಂಟ್ ಇಲ್ಲದೆ ಆಗುತ್ತಾ? ಬಾಡಿಗೆನ ಆದಾಯಕ್ಕೆ ಸೇರಿಸ್ತಾರಾ? ಗೆಳೆಯನ ಬದಲು ಸೇನೆಯಲ್ಲಿಲ್ಲದ ತಮ್ಮನ ಜೊತೆ ತಗೊಂಡ್ರೆ ಏನು ವ್ಯತ್ಯಾಸ?

ಟೆಕ್ಸಾಸ್ ಕನ್ನಡಿಗ:
ಆಗುತ್ತೆ ಸರ್. ವಿಎ ತಾನೇ ದುಡ್ಡು ಕೊಡಲ್ಲ, ಬ್ಯಾಂಕಿನ ಸಾಲಕ್ಕೆ ಗ್ಯಾರಂಟಿ ನಿಲ್ಲುತ್ತೆ. ಒಬ್ಬರೇ ಕೊಂಡರೂ ನಾಲ್ಕು ಮನೆ ತನಕ ಅವಕಾಶ ಇದೆ. ಇಬ್ಬರು ಅರ್ಹರು ಸೇರಿದರೆ ಆರು ಮನೆವರೆಗೂ ಹೋಗಬಹುದು. ಪೂರ್ತಿ ಎಂಟೈಟಲ್‌ಮೆಂಟ್ (ವಿಎ ಗ್ಯಾರಂಟಿ ಪಡೆಯೋ ಹಕ್ಕು) ಇದ್ದವರಿಗೆ 2020ರಿಂದ ಸಾಲದ ಮಿತಿಯೂ ಇಲ್ಲ, ಡೌನ್ ಪೇಮೆಂಟ್ ಸೊನ್ನೆ ಇಟ್ಟೂ ತಗೋಬಹುದು.

ಆದ್ರೆ ಎಂಟೈಟಲ್‌ಮೆಂಟ್ ಬಳಸೋ ಇಬ್ಬರೂ ಅಲ್ಲೇ ವಾಸ ಮಾಡಬೇಕು, ಸಾಮಾನ್ಯವಾಗಿ ಕ್ಲೋಸಿಂಗ್ (ಕೊನೇ ಸಹಿ ಹಾಕಿ ಮನೆ ಕೈಗೆ ಬರೋದು) ಆಗಿ 60 ದಿನದೊಳಗೆ. ಮೊದಲ ಕೆಲಸ, ಇಬ್ಬರೂ ಬೇರೆ ಬೇರೆಯಾಗಿ ಸಿಒಇ (ವಿಎ ಕೊಡೋ ಅರ್ಹತಾ ಪತ್ರ) ತರಿಸಿಕೊಳ್ಳಿ. ಜಂಟಿ ಸಾಲದ ಫೈಲು ಮಂಜೂರಾತಿಗೆ ವಿಎ ಕಚೇರಿಗೇ ಹೋಗಬೇಕು, ಬ್ಯಾಂಕು ತಾನೇ ಮುಗಿಸೋ ಹಾಗಿಲ್ಲ. ಹಾಗಾಗಿ 30 ದಿನದ ಕ್ಲೋಸಿಂಗ್‌ಗೆ ಸಹಿ ಹಾಕಬೇಡಿ. ಎಷ್ಟೋ ಬ್ಯಾಂಕಿನವರು ಜಂಟಿ ಸಾಲ ಅಂದ ಕೂಡಲೇ ಕೈ ಎತ್ತಿಬಿಡ್ತಾರೆ, ಫೋನ್‌ನಲ್ಲೇ ಕೇಳಿಬಿಡಿ.

ಸಾಲದ ಲೆಕ್ಕಿಗ:
ಬಾಡಿಗೆ ವಿಷಯದಲ್ಲೇ ಹೆಚ್ಚಿನವರು ಎಡವೋದು. ಅದನ್ನ ಲೆಕ್ಕಕ್ಕೆ ಹಿಡಿಯೋಕೆ ಎರಡು ಷರತ್ತು: ಮನೆ ಬಾಡಿಗೆಗೆ ಕೊಟ್ಟು ನಿಭಾಯಿಸಬಲ್ಲಿರಿ ಅನ್ನೋದಕ್ಕೆ ಆಧಾರ ಇರಬೇಕು, ಜೊತೆಗೆ ಆರು ತಿಂಗಳ ಕಂತು ಕೈಯಲ್ಲಿರಬೇಕು. ಕಂತು ಅಂದ್ರೆ ಅಸಲು, ಬಡ್ಡಿ, ತೆರಿಗೆ, ವಿಮೆ ನಾಲ್ಕೂ. ತಿಂಗಳಿಗೆ 4,600 ಡಾಲರ್ ಅಂತಿಟ್ಟುಕೊಂಡ್ರೆ 27,600 ಡಾಲರ್ ಖಾತೆಯಲ್ಲಿ ತೋರಿಸಬೇಕು. "ಡೌನ್ ಪೇಮೆಂಟ್ ಇಲ್ಲ" ಅಂತ ಬರಿಗೈಲಿ ಹೋದವರು ವಾಪಸ್ ಬರೋದು ಇಲ್ಲಿಂದಲೇ.

ಷರತ್ತು ದಾಟಿದ ಮೇಲೂ ಬಾಡಿಗೆಯ 75% ಮಾತ್ರ ಹಿಡೀತಾರೆ. ಎರಡು ಮನೆಗೆ ತಲಾ 1,400 ಬಂದರೆ 2,800, ಅದರಲ್ಲಿ ಲೆಕ್ಕಕ್ಕೆ 2,100. ನೀವಿಬ್ಬರು ಇರೋ ಮನೆಗಳಿಂದ ಏನೂ ಇಲ್ಲ. ಷರತ್ತು ದಾಟದಿದ್ರೆ ಬರೀ ಸಂಬಳದ ಮೇಲೇ ಸಾಲ ಸಿಗಬೇಕು.

ಫಂಡಿಂಗ್ ಫೀ, ಅಂದ್ರೆ ಈ ಸಾಲಕ್ಕೆ ವಿಎಗೆ ಕಟ್ಟೋ ಶುಲ್ಕ, ಮೊದಲ ಸಲಕ್ಕೆ 2.15%, ಅಂದ್ರೆ 12,900 ಡಾಲರ್. ಸಾಲಕ್ಕೇ ಸೇರಿಸಬಹುದು. ಗೆಳೆಯರಿಗೆ ವಿಎಯಿಂದ ಅಂಗವೈಕಲ್ಯ ಪರಿಹಾರ ಬರ್ತಿದ್ರೆ ಅವರ ಪಾಲಿಗೆ ಮಾಫಿ, ನಿಮ್ಮರ್ಧಕ್ಕೆ 6,450 ಅಷ್ಟೇ.

ತಮ್ಮನ ಜೊತೆ ಆದ್ರೆ ಗ್ಯಾರಂಟಿ ನಿಮ್ಮ ಅರ್ಧಕ್ಕೆ ಮಾತ್ರ. ಅವರ ಅರ್ಧಕ್ಕೆ ಬ್ಯಾಂಕು ಭದ್ರತೆ ಕೇಳುತ್ತೆ, ಒಟ್ಟು ಬೆಲೆಯ ಸುಮಾರು 12.5% ಡೌನ್ ಪೇಮೆಂಟ್. ಇಲ್ಲಿ 75,000 ಡಾಲರ್ ಆಯ್ತು. ಹೆಂಡತಿ ಜೊತೆ ತಗೊಂಡ್ರೆ ಈ ತಾಪತ್ರಯ ಇಲ್ಲ.

ಟೆಕ್ಸಾಸ್ ಕನ್ನಡಿಗ:
ಕಟ್ಟಡ ನೋಡೋಕೆ ಹೋದಾಗ ನೀರು, ಗ್ಯಾಸು, ಕರೆಂಟ್ ಲೈನ್ ಮೇಲೆ ಕಣ್ಣಿರಲಿ. ಇಡೀ ಕಟ್ಟಡ ಒಂದೇ ಒಡೆತನದಲ್ಲಿದ್ರೆ ಲೈನ್ ಒಂದೇ ಇದ್ರೂ ನಡೆಯುತ್ತೆ, ಆದ್ರೆ ಪ್ರತಿ ಮನೆಗೂ ಬೇರೆ ಬೇರೆ ವಾಲ್ವ್, ಸ್ವಿಚ್ ಇರಬೇಕು. ಹಳೇ ಕಟ್ಟಡಗಳಲ್ಲಿ ನಾಲ್ಕೂ ಮನೆಯ ನೀರಿಗೆ ಒಂದೇ ವಾಲ್ವ್ ಇರುತ್ತೆ, ಅದಕ್ಕೇ ಅಪ್ರೈಸಲ್‌ನಲ್ಲಿ (ಸಾಲಕ್ಕೆ ಮುಂಚೆ ಕಟ್ಟಡ ನೋಡಿ ಬೆಲೆ ಕಟ್ಟೋದು) ಸಿಕ್ಕಿಬೀಳುತ್ತೆ. ಒಂದು ಮನೆ ಹಾದು ಇನ್ನೊಂದಕ್ಕೆ ಹೋಗೋ ಹಾಗಿದ್ರೂ ಪಾಸಾಗಲ್ಲ. ಇವನ್ನ ಮಾರೋರ ಖರ್ಚಲ್ಲಿ ಸರಿಮಾಡಿಸೋ ಷರತ್ತು ಕರಾರಿನಲ್ಲೇ ಬರೆಸಿ.

ಹಳೇ ಹವಾಲ್ದಾರ್:
ನನ್ನ ಕೇಳಿದ್ರೆ ಒಬ್ಬರೇ ಕೊಳ್ಳಿ, ಇನ್ನೊಬ್ಬರು ಬಾಡಿಗೆ ಕೊಟ್ಟು ಇರಲಿ. ಅವರ ಎಂಟೈಟಲ್‌ಮೆಂಟ್ ಮುಂದಿನ ಮನೆಗೆ ಹಾಗೇ ಉಳಿಯುತ್ತೆ. ಒಬ್ಬರ ಸಂಬಳಕ್ಕೆ ಸಾಲ ಹುಟ್ಟದಿದ್ರೆ ಮಾತ್ರ ಜಂಟಿ. ಆಗ ಒಬ್ಬರು ಬಿಟ್ಟುಹೋದ್ರೆ ಕಂತು ಯಾರದು, ಪಾಲಿನ ಬೆಲೆ ಹೇಗೆ ಕಟ್ಟೋದು, ಕೊಳ್ಳೋಕೆ ಎಷ್ಟು ದಿನ ಅಂತ ವಕೀಲರ ಹತ್ರ ಬರೆಸಿ, ಕ್ಲೋಸಿಂಗ್‌ಗೆ ಮುಂಚೆಯೇ. ಮನೆ ಬಿಟ್ಟ ಮಾತ್ರಕ್ಕೆ ಸಾಲದಿಂದ ಹೆಸರು ಹೋಗಲ್ಲ. ಮಾರಬೇಕು, ಇಲ್ಲ ಉಳಿದವರು ರಿಫೈನಾನ್ಸ್ ಮಾಡಿಸಬೇಕು, ಅಂದ್ರೆ ತಮ್ಮ ಹೆಸರಲ್ಲಿ ಹೊಸ ಸಾಲ ತೆಗೆದು ಹಳೇದು ತೀರಿಸಬೇಕು.