ಗ್ಯಾಸ್ಟ್ರಿಕ್ ಬೈಪಾಸ್ ಆದ ಅಮ್ಮನ ಮಾತ್ರೆಗಳು: ಕಾಫಿ, ಥೈರಾಯ್ಡ್, ಕ್ಯಾಲ್ಸಿಯಂ, ಕಬ್ಬಿಣ ಯಾವ ಹೊತ್ತಿಗೆ ಯಾವುದು?

ಸಿದ್ದಾಪುರದ ಮಗಳು:

ಅಮ್ಮನಿಗೆ 46 ವರ್ಷ, ಮೈಸೂರಿನಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ (ತೂಕ ಇಳಿಸಲು ಹೊಟ್ಟೆಯನ್ನು ಚಿಕ್ಕ ಚೀಲ ಮಾಡಿ ನೇರ ಕರುಳಿಗೆ ಜೋಡಿಸುವ ಆಪರೇಷನ್) ಆಗಿ ಏಳು ವಾರ. ಮುಟ್ಟು ಇನ್ನೂ ನಿಂತಿಲ್ಲ. ಚೀಟಿಯಲ್ಲಿ ಮಾತ್ರೆಗಳ ಹೆಸರಿದೆ, ಹೊತ್ತು ಮಾತ್ರ ಬರೀ "ಬೆಳಿಗ್ಗೆ, ರಾತ್ರಿ". ಪಟ್ಟಿ ಹೀಗಿದೆ: ಥೈರಾಕ್ಸಿನ್ 75 ಮೈಕ್ರೋಗ್ರಾಂ, ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40, ಪಿತ್ತಕಲ್ಲು ಆಗದಿರಲೆಂದು ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ (ಅರ್ಸೋ) 300 ಎರಡು ಹೊತ್ತು, ಕಬ್ಬಿಣವಿರುವ ಮಲ್ಟಿವಿಟಮಿನ್ ಒಂದು, ಕ್ಯಾಲ್ಸಿಯಂ ಸಿಟ್ರೇಟ್ 1000 ಎರಡು, ಬೇರೆ ಕಬ್ಬಿಣದ ಮಾತ್ರೆ ಒಂದು, ವಿಟಮಿನ್ ಡಿ 60,000 ವಾರಕ್ಕೊಂದು, ಬಿ12 ಇಂಜೆಕ್ಷನ್ ತಿಂಗಳಿಗೊಂದು. ಇವುಗಳ ಜೊತೆ ಹಳೆಯ ಚೀಟಿಯ ಶುಗರ್ ಮಾತ್ರೆ ಮೆಟ್ಫಾರ್ಮಿನ್ ಎಸ್.ಆರ್. 1000 ಕೂಡ ನಡೆಯುತ್ತಿದೆ.

ಯಾವುದರ ಜೊತೆ ಯಾವುದು ಕೊಡಬಾರದು? ಮೆಟ್ಫಾರ್ಮಿನ್ ಮಾತ್ರೆ ಹಾಗೇ ಇಡಿಯಾಗಿ ಮಲದಲ್ಲಿ ಹೋಗುತ್ತಿದೆ ಅಂತಾರೆ, ಅದು ಸರಿಯೇ? ಮಳೆಗಾಲ ಹತ್ತಿರ ಬಂತು, ವಾರದ ಡಬ್ಬಿಯಲ್ಲಿ ಬಿಡಿಸಿಟ್ಟರೆ ನಡೆಯುತ್ತದಾ?

ಮಾತ್ರೆಪಟ್ಟಿ:

ಈ ಪಟ್ಟಿಯಲ್ಲಿ ಒಂದಕ್ಕೊಂದು ಆಗದವರು ಮೂವರು: ಥೈರಾಕ್ಸಿನ್, ಕ್ಯಾಲ್ಸಿಯಂ, ಕಬ್ಬಿಣ. ನಾಲ್ಕನೆಯದು ಪಟ್ಟಿಯಲ್ಲಿಲ್ಲ, ಒಲೆಯ ಮೇಲಿದೆ: ಕಾಫಿ. ಥೈರಾಕ್ಸಿನ್ ತೆಗೆದುಕೊಂಡ ಮೇಲೆ ಕಾಫಿಗೆ ಒಂದು ಗಂಟೆ, ಕ್ಯಾಲ್ಸಿಯಂ, ಕಬ್ಬಿಣ ಅಥವಾ ಮಲ್ಟಿವಿಟಮಿನ್‌ಗೆ ನಾಲ್ಕು ಗಂಟೆ ಬಿಡಬೇಕು. ಕ್ಯಾಲ್ಸಿಯಂಗೂ ಕಬ್ಬಿಣಕ್ಕೂ ನಡುವೆ ಎರಡು ಗಂಟೆ. ಕಾಫಿ, ಟೀ ಕುಡಿದ ಎರಡು ಗಂಟೆಯ ನಂತರವೇ ಕಬ್ಬಿಣ; ಕಬ್ಬಿಣ ನುಂಗಿದ ಮೇಲೆ ಒಂದು ಗಂಟೆಯಾದರೂ ಲೋಟ ಮುಟ್ಟಬಾರದು. ಕಾಫಿಯ ಪಾಲಿಫೆನಾಲ್‌ಗಳು ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಹಾಲು ಹಾಕಿದರೂ ಅಷ್ಟೇ, ಕರಿಕಾಫಿಯಾದರೂ ಅಷ್ಟೇ. ಬೈಪಾಸ್ ಆದವರಿಗೆ ಇದು ಇನ್ನೂ ಕೆಟ್ಟದ್ದು, ಯಾಕೆಂದರೆ ಕಬ್ಬಿಣ ಹೆಚ್ಚಾಗಿ ಹೀರುವುದೇ ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಊಟ ಈಗ ಆ ಜಾಗವನ್ನು ಮುಟ್ಟದೆಯೇ ಮುಂದೆ ಹೋಗುತ್ತದೆ.

ಈ ಲೆಕ್ಕದಲ್ಲಿ ಒಂದು ದಿನ ಹೀಗೆ ಕೂರುತ್ತದೆ. ಬೆಳಿಗ್ಗೆ 6ಕ್ಕೆ ಬರೀ ನೀರಿನಲ್ಲಿ ಥೈರಾಕ್ಸಿನ್, 6.30ಕ್ಕೆ ಪ್ಯಾಂಟೊಪ್ರಜೋಲ್, 7ಕ್ಕೆ ಕಾಫಿ (ಸರ್ಜನ್ ತಂಡ ಕಾಫಿಗೆ ಒಪ್ಪಿದ್ದರೆ). 8ಕ್ಕೆ ತಿಂಡಿಯ ಜೊತೆ ಅರ್ಸೋ. 10.30ಕ್ಕೆ ಮೊದಲ ಕ್ಯಾಲ್ಸಿಯಂ. 1 ಗಂಟೆಗೆ ಊಟದ ಜೊತೆ ಮಲ್ಟಿವಿಟಮಿನ್; ಖಾಲಿ ಹೊಟ್ಟೆಗೆ ಕೊಟ್ಟರೆ ವಾಕರಿಕೆ ಖಂಡಿತ. 4ಕ್ಕೆ ಎರಡನೆಯ ಕ್ಯಾಲ್ಸಿಯಂ, ಸಂಜೆ ಕಾಫಿ ಬೇಕಾದರೆ ಅದೇ ಹೊತ್ತಿಗೆ ಮುಗಿಸಲಿ. 6.45ಕ್ಕೆ ಕಬ್ಬಿಣ, ನಿಂಬೆ ಹಿಂಡಿದ ಸಕ್ಕರೆಯಿಲ್ಲದ ನೀರಿನ ಜೊತೆ. 8ಕ್ಕೆ ಊಟ, ಎರಡನೆಯ ಅರ್ಸೋ. 9.30ಕ್ಕೆ ಮೂರನೆಯ ಕ್ಯಾಲ್ಸಿಯಂ. ಚೀಟಿಯಲ್ಲಿ ಎರಡೇ ಇದೆ, ಮೂರು ಯಾಕೆ ಅಂದರೆ ಕೆಳಗೆ ಊಟತಕ್ಕಡಿಯವರು ಬರೆದೇ ಬರೆಯುತ್ತಾರೆ.

ಎಲ್ಲವನ್ನೂ ಒಂದೇ ಗುಟುಕಿಗೆ ನುಂಗಿಸಬೇಡಿ. ಈಗಿರುವ ಹೊಟ್ಟೆಯ ಚೀಲ ಚಿಕ್ಕದು, ಒಂದು ಮಾತ್ರೆ, ಎರಡು ಗುಟುಕು ನೀರು, ಐದು ನಿಮಿಷ ಬಿಟ್ಟು ಇನ್ನೊಂದು. ಕಾಫಿ ಬೀಜಕ್ಕಿಂತ ದೊಡ್ಡ ಮಾತ್ರೆ ಈ ವಾರಗಳಲ್ಲಿ ಸಿಕ್ಕಿಕೊಂಡು ಎದೆ ಒತ್ತಿದ ಹಾಗಾಗಬಹುದು. ಅಂಥದ್ದನ್ನು ಅರ್ಧ ಮಾಡಬಹುದೇ ಎಂದು ಒಂದೊಂದರ ಬಗ್ಗೆಯೂ ಮೆಡಿಕಲ್‌ನಲ್ಲಿ ಕೇಳಿ. ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ಪುಡಿ ಮಾಡಬೇಡಿ, ಮೇಲಿನ ಲೇಪ ಹೋದರೆ ಔಷಧ ಹೊಟ್ಟೆಯ ಆಮ್ಲದಲ್ಲೇ ಹಾಳಾಗುತ್ತದೆ.

ಮೆಟ್ಫಾರ್ಮಿನ್ ವಿಷಯ. ಎಸ್.ಆರ್. ಮಾತ್ರೆಯ ಔಷಧ ಇಳಿದುಹೋದ ಮೇಲೂ ಸಿಪ್ಪೆ ಇಡಿಯಾಗಿ ಹೊರಗೆ ಬರುವುದು ಆಪರೇಷನ್ ಆಗದವರಲ್ಲೂ ಉಂಟು, ಅದೊಂದನ್ನೇ ನೋಡಿ ಹೆದರಬೇಕಿಲ್ಲ. ಆದರೆ ನಿಧಾನವಾಗಿ ಬಿಡುವ ಮಾತ್ರೆಗೆ ಉದ್ದನೆಯ ಕರುಳು ಬೇಕು, ಬೈಪಾಸ್ ನಂತರ ಅದು ಸಿಗುವುದಿಲ್ಲ. ಹಾಗಾಗಿ ಎಸ್.ಆರ್., ಎಕ್ಸ್.ಆರ್., ಇ.ಆರ್. ಅಂತ ಇರುವುದನ್ನು ಸಾದಾ ಮಾತ್ರೆಗೆ ಬದಲಿಸುವುದು ರೂಢಿ. ಎಸ್.ಆರ್. ಮಾತ್ರೆ ಪುಡಿ ಮಾಡಿ ಕೊಡುವುದು ಪರಿಹಾರವಲ್ಲ, ಇಡೀ ದಿನದ ಔಷಧ ಒಂದೇ ಸಲ ಮೈಗೆ ಹೋಗುತ್ತದೆ. ಇವತ್ತೇ ಸ್ಟ್ರಿಪ್ಪಿನ ಹಿಂದೆ ಇನ್ನೊಂದು ಹೆಸರಿದೆಯೇ ನೋಡಿ. ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಾಜೈಡ್ ಸೇರಿದ್ದರೆ, ಇಷ್ಟು ಕಡಿಮೆ ಊಟದಲ್ಲಿ ಶುಗರ್ ಧೊಪ್ಪನೆ ಇಳಿಯುತ್ತದೆ. ಹಾಗಿದ್ದರೆ ಕಾಯದೆ ಇವತ್ತೇ, ಬರೀ ಮೆಟ್ಫಾರ್ಮಿನ್ ಆದರೆ ನಾಲ್ಕು ದಿನ ಬೆಳಗಿನ ಶುಗರ್ ಬರೆದಿಟ್ಟು ಡಾಕ್ಟರಿಗೆ ಫೋನ್ ಮಾಡಿ. ಬಿ.ಪಿ. ಮಾತ್ರೆ ಇದ್ದವರಿಗೂ ಇದೇ ಮಾತು, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ಸೇರಿದ್ದರೆ.

ಊಟತಕ್ಕಡಿ:

ಎಲ್ಲರೂ ಜಾರುವ ಜಾಗ ಇದೇ. "ಕ್ಯಾಲ್ಸಿಯಂ ಸಿಟ್ರೇಟ್ 1000 ಮಿ.ಗ್ರಾಂ" ಅಂದರೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಅಲ್ಲ. ಸಿಟ್ರೇಟ್‌ನಲ್ಲಿ ನಿಜವಾದ ಕ್ಯಾಲ್ಸಿಯಂ ಸುಮಾರು ಶೇ. 21 ಮಾತ್ರ, ಅಂದರೆ ಒಂದು ಮಾತ್ರೆಗೆ 210 ಮಿ.ಗ್ರಾಂ. ಬೈಪಾಸ್ ಆದವರಿಗೆ ಊಟವೂ ಸೇರಿ ದಿನಕ್ಕೆ ಬೇಕಾದದ್ದು 1200ರಿಂದ 1500. ನಿಮ್ಮ ಎರಡು ಮಾತ್ರೆಯಿಂದ 420 ಸಿಗುತ್ತಿದೆ, ಈಗ ತಿನ್ನುವ ಎರಡು ಚಮಚ ಊಟದಿಂದ ಉಳಿದದ್ದು ತುಂಬುವುದಿಲ್ಲ. ಸ್ಟ್ರಿಪ್ಪಿನಲ್ಲಿ "ಎಲಿಮೆಂಟಲ್ ಕ್ಯಾಲ್ಸಿಯಂ" ಎಂಬ ಸಾಲು ಹುಡುಕಿ. ಆ ಸಾಲು ಇದ್ದರೆ ಅದೇ ಲೆಕ್ಕ. ಒಂದು ಸಲಕ್ಕೆ 500–600ಕ್ಕಿಂತ ಹೆಚ್ಚು ಕೊಟ್ಟರೆ ಕರುಳು ಹೀರುವುದಿಲ್ಲ, ಅದಕ್ಕೇ ಮೂರು ಪಾಲು. ಚೀಟಿಯ ಪ್ರಮಾಣ ಬದಲಿಸುವ ಮೊದಲು ಈ ಲೆಕ್ಕವನ್ನೇ ಆಸ್ಪತ್ರೆಯ ಡಯಟಿಷಿಯನ್ ಮುಂದಿಡಿ.

ಅಂಗಡಿಯಲ್ಲಿ ಸಿಟ್ರೇಟ್ ಇಲ್ಲವೆಂದು ಕಾರ್ಬೊನೇಟ್ ಕೊಡುವುದುಂಟು. ಅದರಲ್ಲಿ ಶೇ. 40 ಕ್ಯಾಲ್ಸಿಯಂ ಇದೆ ನಿಜ, ಆದರೆ ಕರಗಲು ಆಮ್ಲ ಬೇಕು. ಚಿಕ್ಕ ಚೀಲದಲ್ಲಿ ಆಮ್ಲ ಮೊದಲೇ ಕಡಿಮೆ, ಮೇಲಿಂದ ಪ್ಯಾಂಟೊಪ್ರಜೋಲ್. ಸಿಟ್ರೇಟ್‌ಗೆ ಆ ತಾಪತ್ರಯವಿಲ್ಲ, ಊಟದ ಜೊತೆಗೂ ಸರಿ, ಇಲ್ಲದೆಯೂ ಸರಿ. ಕಾರ್ಬೊನೇಟ್ ಬಿಟ್ಟು ಬೇರೆ ಗತಿಯಿಲ್ಲದ ದಿನ ಊಟದ ಜೊತೆಗೇ ಕೊಡಿ.

ಕಬ್ಬಿಣದಲ್ಲೂ ಇದೇ ಆಟ. ಮುಟ್ಟಾಗುವ ಹೆಂಗಸರಿಗೆ ಬೈಪಾಸ್ ನಂತರ ದಿನಕ್ಕೆ 45–60 ಮಿ.ಗ್ರಾಂ ನಿಜವಾದ ಕಬ್ಬಿಣ ಬೇಕು, ಮಲ್ಟಿವಿಟಮಿನ್‌ನಲ್ಲಿ ಇರುವುದೂ ಸೇರಿ. ಫೆರಸ್ ಫ್ಯೂಮರೇಟ್ 150 ಅಂದರೆ 50ರ ಹತ್ತಿರ. ಫೆರಸ್ ಆಸ್ಕಾರ್ಬೇಟ್ ಸ್ಟ್ರಿಪ್ಪುಗಳಲ್ಲಿ 100 ಎಂದು ಬರೆದಿದ್ದರೆ ಸಾಮಾನ್ಯವಾಗಿ ಅದು ನಿಜವಾದ ಕಬ್ಬಿಣವೇ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಎಲ್ಲಾ ಸೇರಿಸಿ ಕೊಟ್ಟರೆ ಮಲಬದ್ಧತೆ ಬಿಟ್ಟು ಬೇರೆ ಲಾಭವಿಲ್ಲ. ಸರಿಯಾದ ಅಂತರದಲ್ಲಿ ಕೊಟ್ಟೂ ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ರಕ್ತಪರೀಕ್ಷೆ) ಇಳಿಯುತ್ತಾ ಹೋದರೆ ಮಾತ್ರೆ ಹೆಚ್ಚಿಸುವ ಬದಲು ರಕ್ತನಾಳದ ಮೂಲಕ ಕಬ್ಬಿಣ ಕೊಡಿಸುವ ಬಗ್ಗೆ ಕೇಳಬೇಕು.

ಮಲ್ಟಿವಿಟಮಿನ್‌ನಲ್ಲಿ ಥಯಾಮಿನ್ (ಬಿ1) ಕನಿಷ್ಠ 12 ಮಿ.ಗ್ರಾಂ, ಸತು 8ರಿಂದ 22, ತಾಮ್ರ 2 ಮಿ.ಗ್ರಾಂ ಇದೆಯೇ ನೋಡಿ. ಕೂದಲು ಉದುರುತ್ತದೆಂದು ಸತುವಿನ ಮಾತ್ರೆಯನ್ನು ಬೇರೆಯಾಗಿ ತಿಂಗಳುಗಟ್ಟಲೆ ಕೊಡುವವರಿದ್ದಾರೆ. ಸತು ಹೆಚ್ಚಾದರೆ ತಾಮ್ರ ಇಳಿಯುತ್ತದೆ, ಆಗ ಬರುವ ರಕ್ತಹೀನತೆ, ಕಾಲು ಜೋಮು ಬಿ12 ಕೊರತೆಯ ಹಾಗೇ ಕಾಣುತ್ತದೆ. ಹಣ್ಣಿನ ರುಚಿಯ ಗಮ್ಮಿ ಬೇಡ, ಬಹುತೇಕ ಅವುಗಳಲ್ಲಿ ಕಬ್ಬಿಣವೇ ಇರುವುದಿಲ್ಲ.

ಇನ್ನೊಂದು, ನಮ್ಮ ಕಡೆಯ ಬೆಲ್ಲದ ಕಾಫಿ. ಕಾಫಿಗಿಂತ ಬೆಲ್ಲವೇ ಅಪಾಯ. ಸಿಹಿ ನೇರವಾಗಿ ಸಣ್ಣ ಕರುಳಿಗೆ ಬೀಳುವುದರಿಂದ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಭೇದಿ. ಮನೆಯವರು ಅದನ್ನು ಮಾತ್ರೆಯ ಮೇಲೆ ಹಾಕಿ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ.

ಸೂಜಿಮೊನೆ:

ಎಲ್ಲರೂ ನುಂಗುವುದರ ಬಗ್ಗೆ ಬರೆದರು, ನುಂಗಿದ್ದು ನಿಲ್ಲದಿದ್ದರೆ? ಬಿ1ರ ದಾಸ್ತಾನು ಮೈಯಲ್ಲಿ ಎರಡು ಮೂರು ವಾರಕ್ಕೆ ಮಾತ್ರ ಸಾಲುತ್ತದೆ. ಎರಡು ಮೂರು ದಿನ ಬಿಡದೆ ವಾಂತಿಯಾದರೆ ಅದು ಬರಿದಾಗುವುದು ಇನ್ನೂ ಬೇಗ. ಆ ಹೊತ್ತಿಗೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ "ಸುಸ್ತಾಗಿದೆ, ಗ್ಲೂಕೋಸ್ ಹಾಕಿ" ಎನ್ನುವುದು ಊರಿನ ರೂಢಿ. ಬಿ1 ಇಲ್ಲದ ಮೈಗೆ ಬರೀ ಗ್ಲೂಕೋಸ್ ಡ್ರಿಪ್ ಏರಿಸಿದರೆ ಉಳಿದಿದ್ದ ಬಿ1 ಕೂಡ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು: ಒಂದು ಎರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮಾತು ಗೊಂದಲ. ಮೊದಲು ಥಯಾಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ಒಂದು ರಟ್ಟಿನ ಮೇಲೆ ಆಪರೇಷನ್ ಹೆಸರು, ತಾರೀಕು, "ಗ್ಲೂಕೋಸ್‌ಗೆ ಮೊದಲು ಥಯಾಮಿನ್", "ನೋವಿನ ಮಾತ್ರೆ ಬೇಡ" ಎಂದು ಬರೆದು ಅಮ್ಮನ ಪರ್ಸಿನಲ್ಲಿಡಿ. ನಮ್ಮ ಕೊಡಗಿನ ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ.; ರಾತ್ರಿ ಮೊದಲು ನೋಡುವ ಡಾಕ್ಟರು ಆಪರೇಷನ್ ಮಾಡಿದವರಾಗಿರುವುದಿಲ್ಲ.

ನೋವಿನ ಮಾತ್ರೆ ಅಂದೆನಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಯಾವುದೂ ಬೇಡ, ಹೊಲಿಗೆ ಹಾಕಿದ ಜಾಗದಲ್ಲಿ ಹುಣ್ಣಾಗುತ್ತದೆ. ಪ್ಯಾರಸಿಟಮಾಲ್ ಹೆಸರಿನ ಪಕ್ಕ ಕೂಡು ಗುರುತು ಹಾಕಿ ಇವುಗಳಲ್ಲೊಂದು ಸೇರಿರುವ ಮಾತ್ರೆಗಳೇ ಅಂಗಡಿಯಲ್ಲಿ ಹೆಚ್ಚು ಖರ್ಚಾಗುವುದು, ಆದ್ದರಿಂದ "ಬರೀ ಪ್ಯಾರಸಿಟಮಾಲ್" ಎಂದೇ ಕೇಳಿ. ಸೊಂಟಕ್ಕೆ ಹಾಕುವ ಡೈಕ್ಲೋ ಇಂಜೆಕ್ಷನ್ ಹೊಟ್ಟೆಗೆ ಹೋಗುವುದಿಲ್ಲವಲ್ಲ ಎಂಬ ವಾದ ಸರಿಯಲ್ಲ, ರಕ್ತದ ಮೂಲಕ ಅದು ಮಾಡುವ ಕೆಲಸವೂ ಅದೇ. ಮಳೆಗಾಲದ ಜ್ವರಕ್ಕೆ, ಇಲಿಜ್ವರದ ಅನುಮಾನಕ್ಕೆ ಡಾಕ್ಸಿಸೈಕ್ಲಿನ್ ಬರೆದರೆ ಅದನ್ನೂ ಕ್ಯಾಲ್ಸಿಯಂ, ಕಬ್ಬಿಣದಿಂದ ಎರಡು ಮೂರು ಗಂಟೆ ದೂರ ಇಡಿ, ನುಂಗಿದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಎದೆಯುರಿಗೆ ಗುಲಾಬಿ ಬಣ್ಣದ ಸಿರಪ್ಪು ಕುಡಿಯುವ ಅಭ್ಯಾಸವಿದ್ದರೆ, ಅದರ ಅಲ್ಯುಮಿನಿಯಂ ಥೈರಾಕ್ಸಿನ್ ಮತ್ತು ಅರ್ಸೋ ಎರಡನ್ನೂ ಹಿಡಿದುಕೊಳ್ಳುತ್ತದೆ.

ವಿಟಮಿನ್ ಡಿ 60,000 ವಾರಕ್ಕೊಂದೇ. ನಾಲ್ಕರ ಸ್ಟ್ರಿಪ್ಪನ್ನು ನಾಲ್ಕು ದಿನಕ್ಕೆ ಮುಗಿಸಿದ ಮನೆಗಳಿವೆ. ಭಾನುವಾರ ಎಂದು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಬಿ12 1000 ಮೈಕ್ರೋಗ್ರಾಂ ತಿಂಗಳಿಗೊಮ್ಮೆ ಹತ್ತಿರದ ಆರೋಗ್ಯ ಕೇಂದ್ರದಲ್ಲೂ ಹಾಕಿಸಬಹುದು, ಚೀಟಿ ಜೊತೆಗಿರಲಿ. ಮೀಥೈಲ್‌ಕೋಬಾಲಮಿನ್ ಆದರೆ ಬೆಳಕು ಬೀಳದಂತೆ ಪೆಟ್ಟಿಗೆಯಲ್ಲೇ ಒಯ್ಯಿರಿ.

ಕಾಫಿಕಣ:

ವಾರದ ಡಬ್ಬಿ ಒಳ್ಳೆಯದೇ, ಏಳು ದಿನ, ನಾಲ್ಕು ಖಾನೆ ಇರುವುದನ್ನು ತೆಗೆದುಕೊಂಡು ಭಾನುವಾರ ತುಂಬಿಸಿ. ಮರೆತರೆ ಖಾನೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಮಾತ್ರೆಪಟ್ಟಿ:

ಕಾಫಿಕಣ ಅಣ್ಣ, ಬೇಸಿಗೆಗೆ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪೇ ನೀರಾಗುವ ಮನೆಯಲ್ಲಿ ಬಿಡಿಸಿಟ್ಟ ಮಾತ್ರೆ ನಾಲ್ಕು ದಿನಕ್ಕೆ ಮೆತ್ತಗಾಗುತ್ತದೆ, ಕಬ್ಬಿಣದ್ದರ ಮೇಲೆ ಚುಕ್ಕೆ ಬರುತ್ತದೆ. ಥೈರಾಕ್ಸಿನ್ ತೇವಕ್ಕೂ ಬೆಳಕಿಗೂ ಹೆದರುವ ಮಾತ್ರೆ, ಅದನ್ನು ಡಬ್ಬಿಗೆ ಹಾಕಲೇಬೇಡಿ. ಮಳೆಗಾಲದಲ್ಲಿ ಸ್ಟ್ರಿಪ್ಪನ್ನು ಕತ್ತರಿಯಿಂದ ಒಂದೊಂದು ಮಾತ್ರೆಯಾಗಿ ಕತ್ತರಿಸಿ, ಫಾಯಿಲ್ ಸಮೇತ ಖಾನೆಗೆ ಹಾಕಿ. ಎಕ್ಸ್‌ಪೈರಿ ಮುದ್ರಿಸಿದ ತುಂಡು ಕೊನೆಗೆ ಖರ್ಚಾಗಲಿ. ಉಳಿದ ಸ್ಟ್ರಿಪ್ಪುಗಳು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಪೊಟ್ಟಣದ ಜೊತೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಡಬೇಡಿ, ಫ್ರಿಜ್ಜೂ ಬೇಡ. ಕರೆಂಟು ಹೋಗಿ ಬಂದು ಒಳಗೆ ಬೆವರುತ್ತದೆ.

ದಾಸ್ತಾನು ಒಂದು ತಿಂಗಳಿನದು ಇರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದು ನೆನಪಿರಬಹುದು. ಸಾದಾ ಪ್ಯಾರಸಿಟಮಾಲ್ ಎಲ್ಲಿಯೂ ಸಿಗುತ್ತದೆ, ಅರ್ಸೋ ಮತ್ತು ಒಳ್ಳೆಯ ಸಿಟ್ರೇಟ್ ಸಣ್ಣ ಊರಿನ ಅಂಗಡಿಯಲ್ಲಿ ಇರಲೇಬೇಕೆಂದಿಲ್ಲ.

ಸಿದ್ದಾಪುರದ ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಟ್ರಿಪ್ ನೋಡಿದೆ, ಬರೀ ಮೆಟ್ಫಾರ್ಮಿನ್. ಬೆಳಗಿನ ಶುಗರ್ 92, ನಾಳೆ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಒಂದೇ ತೊಡಕು: ಅಮ್ಮ ಏಳುವುದು ಐದಕ್ಕೆ, ಎದ್ದ ತಕ್ಷಣ ಕಾಫಿ, ಬೆಲ್ಲವಿಲ್ಲದೆ. ಸರ್ಜನ್ ಕಾಫಿಗೆ ಒಪ್ಪಿದ್ದಾರೆ, ಆದರೆ ಮಾತ್ರೆ ತೆಗೆದುಕೊಂಡು ಒಂದು ಗಂಟೆ ಕಾಯುವುದು ಆಗದ ಮಾತು.

ಮಾತ್ರೆಪಟ್ಟಿ:

ಹಾಗಾದರೆ ಥೈರಾಕ್ಸಿನ್ ರಾತ್ರಿಗೆ ಹೋಗಲಿ ಅಕ್ಕ, ಡಾಕ್ಟರಿಗೆ ಒಂದು ಮಾತು ತಿಳಿಸಿ. ಊಟವಾಗಿ ಮೂರು ಗಂಟೆ, ಕಬ್ಬಿಣವಾಗಿ ನಾಲ್ಕು ಗಂಟೆ ಕಳೆದಿರಬೇಕು. ಆಗ ಉಳಿದದ್ದೆಲ್ಲ ಹಿಂದಕ್ಕೆ ಸರಿಯುತ್ತದೆ: ತಿಂಡಿಗೆ ಅರ್ಧ ಗಂಟೆ ಮೊದಲು ಪ್ಯಾಂಟೊಪ್ರಜೋಲ್, 8ಕ್ಕೆ ತಿಂಡಿಯ ಜೊತೆ ಮೊದಲ ಕ್ಯಾಲ್ಸಿಯಂ, 11ಕ್ಕೆ ಎರಡನೆಯದು, 1.30ಕ್ಕೆ ಊಟ ಮತ್ತು ಮಲ್ಟಿವಿಟಮಿನ್, 4ಕ್ಕೆ ಮೂರನೆಯ ಕ್ಯಾಲ್ಸಿಯಂ, 6.30ಕ್ಕೆ ಕಬ್ಬಿಣ, 7.15ಕ್ಕೆ ಊಟ, 10.30ಕ್ಕೆ ಥೈರಾಕ್ಸಿನ್. ಅರ್ಸೋ ಮೊದಲಿನಂತೆಯೇ, ತಿಂಡಿಯ ಜೊತೆ ಒಂದು, ರಾತ್ರಿ ಊಟದ ಜೊತೆ ಒಂದು.

ಬದಲಿಸಿದ 6–8 ವಾರಕ್ಕೆ ಟಿ.ಎಸ್.ಎಚ್. (ಥೈರಾಯ್ಡ್ ರಕ್ತಪರೀಕ್ಷೆ) ಮಾಡಿಸಿ, ತೂಕ ಇಳಿದ ಹಾಗೆ 75 ಮೈಕ್ರೋಗ್ರಾಂ ಬೇಕಾದದ್ದಕ್ಕಿಂತ ಜಾಸ್ತಿಯಾಗಲೂಬಹುದು. ಆಪರೇಷನ್ ಆಗಿ ಮೂರು, ಆರು, ಹನ್ನೆರಡು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಹೀಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿ.ಟಿ.ಎಚ್. (ಕ್ಯಾಲ್ಸಿಯಂ ನಿಯಂತ್ರಿಸುವ ಹಾರ್ಮೋನ್) ಜೊತೆಗಿರಲಿ. ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ಟಿ.ಎಸ್.ಎಚ್. ಸುಳ್ಳು ಸುಳ್ಳೇ ಕಡಿಮೆ ಬಂದು ಮಾತ್ರೆ ಇಳಿಸಿಬಿಡುತ್ತಾರೆ.