ಸಹಾಯ ಬೇಕು: ಹೊಸಬರು ತಾವೇ ನಿರ್ವಹಿಸಲು ಮಿಂಟ್ ಸುಲಭವೋ, ಫೆಡೋರಾ ಸುಲಭವೋ?

ಲಿನಕ್ಸ್‌ನ ಪರಿಚಯವೇ ಇಲ್ಲದ ನನ್ನ ಅಕ್ಕನ ಲ್ಯಾಪ್‌ಟಾಪ್‌ಗೆ ಒಂದು ಡಿಸ್ಟ್ರೋ (ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂನ ಒಂದು ಬಗೆ) ಆರಿಸಬೇಕಾಗಿದ್ದು, ಮುಂದೆ ಅದನ್ನು ಅವರೇ ನೋಡಿಕೊಳ್ಳಬೇಕಾಗಿರುವುದರಿಂದ ನಿಮ್ಮ ಸಲಹೆ ಕೋರುತ್ತಿದ್ದೇನೆ.

ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ನಾಲ್ಕನ್ನೂ ಪೆನ್‌ಡ್ರೈವ್‌ನಿಂದ ಚಲಾಯಿಸಿ ನೋಡಿದ್ದೇನೆ. 2023ರಲ್ಲಿ ಬಂದ ಡೆಬಿಯನ್ 12ರಿಂದ ವೈಫೈ ಫರ್ಮ್‌ವೇರ್ (ವೈಫೈ ಸಾಧನ ಕೆಲಸ ಮಾಡಲು ಬೇಕಾದ ಸಾಫ್ಟ್‌ವೇರ್) ಕೂಡ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಇರುವುದರಿಂದ, ಇನ್‌ಸ್ಟಾಲ್ ಮಾಡುವುದು ಈಗ ಯಾವುದರಲ್ಲೂ ದೊಡ್ಡ ತೊಡಕಲ್ಲವೆಂದೇ ನನ್ನ ಅಭಿಪ್ರಾಯ. ಆದರೂ ಆವೃತ್ತಿ ಬದಲಿಸಲು ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ಬೇಕಾಗುವ ಡೆಬಿಯನ್ ಅನ್ನು ಕೈಬಿಟ್ಟೆ. ಉಬುಂಟುವಿನ ಡೆಸ್ಕ್‌ಟಾಪ್ ವಿನ್ಯಾಸ ಅಕ್ಕನಿಗೆ ಹಿಡಿಸಲಿಲ್ಲ.

ನಾನು ಸಿಲುಕಿರುವುದು ಇಲ್ಲಿ. ಮಿಂಟ್ 22ಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್‌ಗಳು ದೊರೆಯುತ್ತವೆ, ಯಂತ್ರಾಂಶಕ್ಕೆ ಬೇಕಾದ ಡ್ರೈವರ್‌ಗಳನ್ನು ಅಳವಡಿಸುವ ಡ್ರೈವರ್ ಮ್ಯಾನೇಜರ್ ಮತ್ತು ಹಿಂದಿನ ಸ್ಥಿತಿಗೆ ಮರಳಿಸುವ ಟೈಮ್‌ಶಿಫ್ಟ್ ಜೊತೆಗೇ ಬರುತ್ತವೆ, ಆದರೆ ಮುಂದಿನ ಪ್ರಮುಖ ಆವೃತ್ತಿಗೆ ಹೋಗುವಾಗ ಒಮ್ಮೆಲೇ ಬಹಳಷ್ಟು ಬದಲಾಗುತ್ತದೆ. ಫೆಡೋರಾದ ಒಂದು ಆವೃತ್ತಿಗೆ ಸುಮಾರು 13 ತಿಂಗಳ ಬೆಂಬಲವಷ್ಟೇ ಇದ್ದರೂ, ಅದರ ಆಪ್ ಸ್ಟೋರ್ ಆದ ಗ್ನೋಮ್ ಸಾಫ್ಟ್‌ವೇರ್‌ನಲ್ಲಿಯೇ ಅಪ್‌ಗ್ರೇಡ್ ಮುಗಿಯುತ್ತದೆ (ವಿಡಿಯೊ ಚಲಾಯಿಸಲು ಬೇಕಾದ ಕೆಲವು ಕೋಡೆಕ್‌ಗಳಿಗಾಗಿ ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಸಾಫ್ಟ್‌ವೇರ್ ಸಂಗ್ರಹ ಸೇರಿಸುವ ಕೆಲಸ ಬೇರೆ).

ಎರಡನ್ನೂ ಕೆಲವು ವರ್ಷ ಬಳಸಿರುವವರು ದಯವಿಟ್ಟು ತಿಳಿಸಿ: ಟರ್ಮಿನಲ್ ಮುಟ್ಟದ ಬಳಕೆದಾರರಿಗೆ ಅಪರೂಪಕ್ಕೆ ಬರುವ ಮಿಂಟ್‌ನ ದೊಡ್ಡ ಅಪ್‌ಗ್ರೇಡ್ ಸುಲಭವೋ, ಅಥವಾ ಫೆಡೋರಾದ ಪದೇಪದೇ ಬರುವ ಚಿಕ್ಕ ಅಪ್‌ಗ್ರೇಡ್‌ಗಳೋ?